ಗದ್ದ ತಗ್ಗಿದ ಮೇಲೆ ಪೆಟ್ಟು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಬೆಳಿಗ್ಗೆಯೇ ಸ್ಪ್ರಿಂಗಿಗೆ ಕಪಾಳಮೋಕ್ಷ ಮಾಡಿದೆ. ಸ್ಪ್ರಿಂಗು ಅನ್ನೋದು ಅವನ ಅಡ್ಡಹೆಸರು. ಮೂವತ್ತು ದಾಟಿದ ಗಂಡಸು, ಎಷ್ಟೋ ವರ್ಷದಿಂದ ನನ್ನ ಸಹಾಯಕ, ಹಗ್ಗಕ್ಕೆ ನೆಟ್ಟಗೆ ಒಂದು ಗಂಟು ಹಾಕಲು ಬರುವುದಿಲ್ಲ. ಆ ಗಂಟು ಬಿಚ್ಚಿಕೊಂಡರೆ ಮೇಲಿಂದ ಜಿಗಿಯುವವನ ಬೆನ್ನುಮೂಳೆ ಪುಡಿಪುಡಿ. ಹೊಡೆದರೆ ನೆನಪಿರುತ್ತದೆ, ನಾನೂ ಹಾಗೆಯೇ ಕಲಿತವಳು. ಕೆನ್ನೆ ಉಜ್ಜಿಕೊಂಡು "ಸರಿ ಮಾಸ್ಟರ್" ಅಂದು ಮತ್ತೆ ಕಟ್ಟಿದ. ಈ ಸಲ ಗಂಟು ಸರಿಯಾಗಿತ್ತು.

ಮಧ್ಯಾಹ್ನ ದೊಡ್ಡ ಕಂಪನಿಯಿಂದ ಫೋನು. ನಾವು ಚಿಕ್ಕವರಿದ್ದಾಗ ನೋಡಿದ ಗಿರಣಿ ರಾಜಕುಮಾರಿಯ ಕಾರ್ಟೂನ್ ಚಿತ್ರವನ್ನು ಈಗ ಜೀವಂತ ಮನುಷ್ಯರನ್ನಿಟ್ಟುಕೊಂಡು ಮತ್ತೆ ತೆಗೆಯುತ್ತಾರಂತೆ. ಹೊಡೆದಾಟವೆಲ್ಲ ನನ್ನ ಜವಾಬ್ದಾರಿ. ಇಪ್ಪತ್ತೈದು ವರ್ಷ ಫೈಟ್ ಮಾಸ್ಟರ್ ಆಗಿ ಕೈಕಾಲು ಸವೆಸಿದ್ದಕ್ಕೆ ಇದೊಂದು ಸಿಗಬೇಕಿತ್ತು.

ಆ ಚಿತ್ರದ ಅಡುಗೆಮನೆ ಕಾಳಗ ಯಾರಿಗೆ ಗೊತ್ತಿಲ್ಲ. ರಾಜಕುಮಾರಿಯನ್ನು ಗಿರಣಿಯಲ್ಲಿ ಕೂಡಿಹಾಕಿರುತ್ತಾರೆ. ಕಾವಲಿಗೆ ಒಬ್ಬ ಗಿಡ್ಡ, ಕುಂಬಳಕಾಯಿ ತಲೆ, ಮಸಿ ಬಣ್ಣ. ಊಟಕ್ಕೆ ಕೂತವನ ತಲೆಗೆ ಅವಳು ಹಿಂದಿನಿಂದ ಬಾಣಲೆ ಬಾರಿಸುತ್ತಾಳೆ, ಬಾಗಿಲ ಸಂದಿಗೆ ಸಿಕ್ಕಿಸಿ ಜಜ್ಜುತ್ತಾಳೆ, ಚೀಲಕ್ಕೆ ತುಂಬಿ ಮೆಟ್ಟಿಲ ಮೇಲಿಂದ ಒದೆಯುತ್ತಾಳೆ. ಅವನ ತಲೆಯ ಸುತ್ತ ನಕ್ಷತ್ರ ತಿರುಗುತ್ತವೆ. ಆಮೇಲೆ ಎದ್ದು ನಿಲ್ಲುತ್ತಾನೆ, ಮತ್ತೆ ಪೆಟ್ಟು ತಿನ್ನಲು.

ಅಪ್ಪ ಕುಡಿದು ಬಂದ ದಿನ ಅಮ್ಮ ನನ್ನನ್ನು ಆ ಚಿತ್ರದ ಮುಂದೆ ಕೂರಿಸಿ, ಸದ್ದು ಜೋರು ಮಾಡಿ ಒಳಗೆ ಹೋಗುತ್ತಿದ್ದಳು. ಆಮೇಲೆ ಬಂದು ಪಕ್ಕದಲ್ಲಿ ಕೂತು ನನ್ನ ಜೊತೆ ನಗುತ್ತಿದ್ದಳು. ನಮ್ಮ ಮನೆಯಲ್ಲಿ ನಗು ಅಂತ ಇದ್ದದ್ದು ಅಷ್ಟೇ. ಪೆಟ್ಟಿನ ತಾಳ ನಾನು ಕಲಿತದ್ದೂ ಅಲ್ಲೇ.

ರಾಜಕುಮಾರಿ ಆಗ ಹಾಲಿನ ಬಣ್ಣದವಳು, ಹೊಂಬಣ್ಣದ ಜಡೆ. ಈಗ ಒಬ್ಬಳು ಕಪ್ಪು ಹುಡುಗಿಯನ್ನು ಹಾಕಿದ್ದಾರೆ, ಅದಕ್ಕೆ ಜನ ಫೋನಿನಲ್ಲಿ ಬೆಂಕಿ ಕಾರುತ್ತಿದ್ದಾರೆ. ನನಗೇನು, ಕಾಲು ಎತ್ತಲು ಬಂದರೆ ಸಾಕು. ಕಾವಲುಗಾರನನ್ನು ಮೊದಲು ಕಂಪ್ಯೂಟರಿನಲ್ಲೇ ಮಾಡುವವರಿದ್ದರು. ಗಿಡ್ಡರ ಸಂಘದವರು ನಮ್ಮ ಅನ್ನ ಕಸಿಯುತ್ತೀರಾ ಎಂದು ಗಲಾಟೆ ಮಾಡಿದ ಮೇಲೆ ನಿಜವಾದ ಗಿಡ್ಡನೊಬ್ಬನನ್ನೇ ಹುಡುಕಿದ್ದಾರೆ. ಗಾಜಿನ ಪಾತ್ರೆಯಂತೆ ಎತ್ತಿ ಇಳಿಸಬೇಕಾಗುತ್ತದೆ, ನನಗೆ ತಲೆನೋವು.

ಅಮ್ಮ ರಾತ್ರಿ ಮಾತ್ರೆ ಒಲ್ಲೆ ಎಂದಳು. ಜಾರಿ ಬಿದ್ದಾಗಿನಿಂದ ಮಗುವಿಗಿಂತ ಹಟ. ಮೂಗು ಹಿಡಿದು ನುಂಗಿಸಿ ಮಲಗಿದೆ.

ಮಾರ್ಚ್ 6, ಗುರುವಾರ

ಇವತ್ತು ನಮಗೆಲ್ಲ ಮಾತಿನ ಪಾಠ. ಕಂಪನಿ ಕಳಿಸಿದ ಒಬ್ಬ ಹೆಂಗಸು, ಬಹಳ ಮೃದು ದನಿ, ಯಾವ ಪದ ಆಡಬಾರದು ಎಂದು ಗೋಡೆ ಮೇಲೆ ತೋರಿಸಿದಳು. ಗಿಡ್ಡ, ಕುಳ್ಳ, ಕುಬ್ಜ ಎಲ್ಲ ರದ್ದು. 'ಕಲಾವಿದರು' ಅನ್ನಬೇಕು. ಕಾವಲುಗಾರನ ಪಾತ್ರಕ್ಕೆ ಬಂದ ಆ ಮನುಷ್ಯ ಬಾಗಿಲ ಹತ್ತಿರವೇ ನಿಂತಿದ್ದ. ನಾವೆಲ್ಲ ಕೂತು, ಅವನನ್ನು ಏನೆಂದು ಕರೆಯಬೇಕು ಎಂದು ಬರೆದುಕೊಳ್ಳುತ್ತಿದ್ದೆವು.

ಪಾಠ ಮುಗಿದದ್ದೇ ನಿರ್ದೇಶಕ ನನ್ನನ್ನು ಪಕ್ಕಕ್ಕೆ ಕರೆದು ಚೀಲದ ಒದೆ ಹಳೆಯ ಚಿತ್ರದಲ್ಲಿದ್ದಷ್ಟೇ ಜೋರಾಗಿರಲಿ, ಜನ ಅದಕ್ಕೇ ಬರೋದು ಅಂದ. ಗಿಡ್ಡ ಅನ್ನಬಾರದು, ಆದರೆ ಚೀಲಕ್ಕೆ ತುಂಬಿ ಒದೆಯಬಹುದು. ನನ್ನ ಮನೆಯಲ್ಲಾದರೆ ಬೈಗುಳ, ಏಟು ಎರಡೂ ಒಟ್ಟಿಗೇ ಬರುತ್ತಿದ್ದವು, ಲೆಕ್ಕ ಸರಿ ಇತ್ತು.

ಕಾವಲುಗಾರನ ಪಾತ್ರಕ್ಕೆ ಈಗ ಒಂದು ದುಃಖದ ಕಥೆಯನ್ನೂ, ಕಿಟಕಿ ಹತ್ತಿರ ನಿಂತು ಆಡುವ ಮಾತನ್ನೂ ಬರೆದಿದ್ದಾರೆ. ಪಾತ್ರ ಮಾಡುವವನನ್ನು ದಣಿಸಬಾರದು, ತಾಲೀಮಿಗೆ ಕರೆಯಬಾರದು, ಗೌರವ ಗೌರವ ಎಂದು ಕಂಪನಿಯ ಅಪ್ಪಣೆ. ಅದಕ್ಕೆ ಹಳೆಯ ಚಿತ್ರ ನೋಡಿ ಅದೇ ಆಕಾರದ ಬೊಂಬೆ ಹೊಲಿಸಿದ್ದೇವೆ. ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದ ಸ್ಪ್ರಿಂಗು. ಎತ್ತರದಲ್ಲಿ ಬೊಂಬೆಗೂ ಅವನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊರಡುವಾಗ ಬೆಳಕಿನವನೊಬ್ಬ ಅವನ ಹೆಗಲು ತಟ್ಟಿ, ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಲ್ವಾ ಅಂದ. ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ಗಾದೆ ಇರಲಿಲ್ಲ. ಅವನು ಹಲ್ಲು ಬಿಟ್ಟು ನಕ್ಕ, ಕಣ್ಣು ನಗಲಿಲ್ಲ.

ವರ್ಷಗಟ್ಟಲೆ ಮಕ್ಕಳ ಕಾರ್ಯಕ್ರಮದಲ್ಲಿ ಕರಡಿ ವೇಷದೊಳಗೆ ಇದ್ದವನಂತೆ. ಹುಡುಗರು ಆಗಲೇ ಕರಡಿ ಎಂದು ಹೆಸರಿಟ್ಟಿದ್ದಾರೆ.

ಮಾರ್ಚ್ 11, ಮಂಗಳವಾರ

ನಾಯಕಿ ಹುಡುಗಿ ಚುರುಕು. ಬಾಣಲೆ ಬೀಸಿದರೆ ಗಾಳಿ ಸೀಳುತ್ತದೆ. ಬಾಣಲೆ ರಬ್ಬರಿನದು, ಆದರೆ ಬಾಗದಿರಲೆಂದು ಒಳಗೆ ತಂತಿ ಇದೆ. ಕುರ್ಚಿಯಲ್ಲಿ ಕೂರಿಸಿದ ಬೊಂಬೆಯ ನೆತ್ತಿಯ ಮೇಲೆ ಒಂದು ಗೇಣು ಬಿಟ್ಟು ಹಾಯಬೇಕು, ಕ್ಯಾಮೆರಾಗೆ ತಲೆಗೇ ಬಿದ್ದಂತೆ ಕಾಣುತ್ತದೆ. ಸಂಜೆಯ ಹೊತ್ತಿಗೆ ಕಣ್ಣು ಮುಚ್ಚಿ ಬೀಸುತ್ತಿದ್ದಳು.

ಅವಳಿಗೆ ನಮ್ಮ ಕಸುಬಿನ ಮೊದಲ ನಿಯಮ ಹೇಳಿಕೊಟ್ಟೆ. ಪೆಟ್ಟಿನ ಯಜಮಾನ ಹೊಡೆಯುವವನಲ್ಲ, ತಿನ್ನುವವನು. ತಿನ್ನುವವನು ಕಣ್ಣಲ್ಲಿ ಕಣ್ಣಿಟ್ಟು ಗದ್ದ ಎದೆಗೆ ತಗ್ಗಿಸಬೇಕು, ನಾನು ತಯಾರು, ಹೊಡಿ ಎಂದರ್ಥ. ಗದ್ದ ತಗ್ಗದೆ ಕೈ ಎತ್ತಿದವನನ್ನು ನಾನು ಕಸುಬಿನಿಂದಲೇ ಓಡಿಸಿದ್ದೇನೆ. ಹಾಗಾದರೆ ಬಾಣಲೆ ಪೆಟ್ಟು ಹಿಂದಿನಿಂದ ಅಲ್ಲವೇ, ಅವರ ಗದ್ದ ನನಗೆ ಹೇಗೆ ಕಾಣುತ್ತದೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಹಳೆಯ ಚಿತ್ರದಲ್ಲಿ ಹಿಂದಿನಿಂದ ಇದೆ, ನಿರ್ದೇಶಕನಿಗೆ ಹಾಗೆಯೇ ಬೇಕು. ಸ್ಪ್ರಿಂಗು ಒಂದು, ಎರಡು, ಮೂರು ಎಣಿಸುತ್ತಾನೆ, ಅಷ್ಟು ಸಾಕು ಅಂದೆ.

ಮನೆಯಲ್ಲಿ ಅಮ್ಮನಿಗೂ ಗದ್ದದ ವಿಷಯ ಮಾಡಿ ತೋರಿಸಿದೆ. "ತಿನ್ನೋರು ಹೇಳಿದ್ಮೇಲೇ ಹೊಡೀಬೇಕಾ?" ಅಂದಳು. ಹೂಂ ಅಂದೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು, ನಿದ್ದೆ ಬಂದಿರಬೇಕು.

ಮಾರ್ಚ್ 12, ಬುಧವಾರ

ಗೇಟಿನ ಹೊರಗೆ ಜನ ಸೇರಿದ್ದರು. ಹಳೆಯ ರಾಜಕುಮಾರಿಯ ಚಿತ್ರ ಹಿಡಿದುಕೊಂಡು, ಇವಳು ನಮ್ಮ ರಾಜಕುಮಾರಿ ಅಲ್ಲ ಎಂದು ಕೂಗು. ದೊಡ್ಡ ದೊಡ್ಡ ಗಂಡಸರು, ಒಂದು ಕಾರ್ಟೂನಿಗಾಗಿ. ಹುಡುಗಿಯ ಕಾರು ಬಂದದ್ದೇ ಕಲ್ಲು ತೂರಿದರು. ಗಾಜು ಒಡೆದು ಡ್ರೈವರ್ ಹಣೆಯಿಂದ ರಕ್ತ ಇಳಿಯಿತು. ಒಬ್ಬ ಕೈ ಒಳಗೆ ಹಾಕಿ ಅವಳ ಕೂದಲು ಹಿಡಿದು ಎಳೆದ. ಅವಳ ತಲೆ ಒಡೆದ ಗಾಜಿನ ಅಂಚಿಗೆ ಬರುತ್ತಿತ್ತು.

ನಾನು ಅವನ ಬೆರಳು ಹಿಡಿದು ಹಿಂದಕ್ಕೆ ಮಡಿಚಿದೆ. ಕಟಕ್ ಅಂತು. ಇನ್ನೊಬ್ಬ ಬೆನ್ನಿಗೆ ಗುದ್ದಿದ, ಅವನ ಮೊಣಕಾಲ ಚಿಪ್ಪಿಗೆ ಒದ್ದೆ. ಮೂರನೆಯವನು ದೊಣ್ಣೆ ಬೀಸಿದ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ, ನಾನು ಅರ್ಧ ಮಾತ್ರ ತಪ್ಪಿಸಿಕೊಂಡೆ, ಐನೂರು ವರ್ಷವಾದರೂ ಸಿಗಲಿ. ಹೆಗಲು ಬಾತಿದೆ. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ನೋಡಿದರೆ ಕಾರಿನ ಇನ್ನೊಂದು ಬಾಗಿಲಿಗೆ ಅಡ್ಡಲಾಗಿ ಕರಡಿ ನಿಂತಿದ್ದ. ಯಾರೋ ಅವನನ್ನು ಎತ್ತಿ ಪಕ್ಕಕ್ಕೆ ಎಸೆದರು, ಚೀಲ ಎಸೆದ ಹಾಗೆ. ಎದ್ದು ಬಂದು ಮತ್ತೆ ಅಲ್ಲೇ ನಿಂತ. ಮತ್ತೆ ಎಸೆದರು, ಮತ್ತೆ ಬಂದ. ಜನರಲ್ಲಿ ಕೆಲವರು ನಕ್ಕರು. ನಗುವಂಥದ್ದು ಏನಿತ್ತೋ.

ಮಾರ್ಚ್ 18, ಮಂಗಳವಾರ

ಬಾಣಲೆಯ ಶಾಟ್. ಕರಡಿಯಣ್ಣ ಬೆನ್ನು ತಿರುಗಿಸಿ ಊಟಕ್ಕೆ ಕೂತರು. ಸ್ಪ್ರಿಂಗು ಎಣಿಸಿದ. ಹುಡುಗಿ ಕಲಿತ ಹಾಗೆಯೇ, ಒಂದಿಷ್ಟೂ ತಪ್ಪದೆ, ಪೂರ್ತಿ ಬಲದಿಂದ ಬೀಸಿದಳು. ಬಾಣಲೆಯ ಅಂಚು ಕಿವಿಯ ಮೇಲೆ ತಾಗಿತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ರಬ್ಬರು ಹರಿದು ತಂತಿ ಚರ್ಮದೊಳಗೆ ಹೋಗಿತ್ತು. ಕುರ್ಚಿಯ ಸಮೇತ ಉರುಳಿದರು. ತಟ್ಟೆಯ ತುಂಬ ರಕ್ತ.

ಎರಡು ಕ್ಷಣ ಎಲ್ಲರೂ ನಕ್ಕರು. ಹಳೆಯ ಚಿತ್ರದಲ್ಲಿ ಥೇಟ್ ಹೀಗೇ ಬೀಳುತ್ತಾನಲ್ಲ. ನಾನೂ ನಕ್ಕೆ. ನಕ್ಷತ್ರ ಬರಲಿಲ್ಲ, ಅವರು ಏಳಲೂ ಇಲ್ಲ. ಹುಡುಗಿ ಬಾಣಲೆ ಬಿಸುಟು ಅಲ್ಲೇ ವಾಂತಿ ಮಾಡಿಕೊಂಡಳು.

ಸಿಟ್ಟು ನೆತ್ತಿಗೇರಿ ಸ್ಪ್ರಿಂಗಿನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಅವನು ಅಳುತ್ತ ಬೊಂಬೆಯನ್ನು ಎಳೆದು ತಂದು ಅದೇ ಕುರ್ಚಿಯಲ್ಲಿ ಕೂರಿಸಿದ. ಆಗ ಕಂಡಿತು. ನಿಂತರೆ ಇಬ್ಬರೂ ಒಂದೇ ಎತ್ತರ. ಚಿತ್ರದ ಬೊಂಬೆಗೆ ಮುಂಡವೇ ಇಲ್ಲ, ತಲೆಯ ಕೆಳಗೆ ಕೈಕಾಲು ಅಂಟಿಸಿದಂತಿದೆ, ಕೂತರೆ ಮೇಜಿನ ಅಂಚಿಗೆ ಬರುತ್ತದೆ. ಅವರ ಕಾಲು ಗಿಡ್ಡ, ಮುಂಡ ನಮ್ಮಂಥದ್ದೇ. ಕೂತರೆ ನಮ್ಮಷ್ಟೇ ಎತ್ತರ. ಚಿತ್ರದ ಅಳತೆಗೆ ಮನುಷ್ಯನನ್ನು ಹೊಡೆದಿದ್ದೆವು. ಇಷ್ಟು ದಿನದಲ್ಲಿ ಅವರನ್ನು ಒಂದು ಸಲವೂ ಕೂರಿಸಿ ನೋಡಿರಲಿಲ್ಲ.

ಸ್ಪ್ರಿಂಗನ್ನು ಬಿಟ್ಟು ಗೋಡೆಗೆ ಗುದ್ದಿದೆ. ಗೆಣ್ಣು ಸುಲಿದಿದೆ.

ಮಾರ್ಚ್ 19, ಬುಧವಾರ

ಆಸ್ಪತ್ರೆಗೆ ಹೋದೆ. ಕಿವಿಯ ಸುತ್ತ ಹೊಲಿಗೆ, ಅರ್ಧ ಮುಖ ಬದನೆಕಾಯಿ ಬಣ್ಣ. ತಲೆಬುರುಡೆಗೆ ಏನೂ ಆಗಿಲ್ಲವಂತೆ. ಅಳತೆಯ ಕಥೆ ಹೇಳಿ, ತಪ್ಪು ನನ್ನದು ಅಂದೆ. ಕರಡಿಯಣ್ಣ, ಕೇಳಿದ್ರೆ ಕೂರ್ತಿದ್ದೆ ಮಾಸ್ಟರ್ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಸಂಘದವರು ಬಂದು ಚಿತ್ರ ಬಿಟ್ಟು ಬನ್ನಿ ಅಂದರಂತೆ. ಕಂಪನಿಯವರು ಬಂದು ಹೂವಿನ ಬುಟ್ಟಿ ಇಟ್ಟು, ಬೇಕಾದರೆ ಪೆಟ್ಟಿನ ದೃಶ್ಯ ಕಂಪ್ಯೂಟರಿನಲ್ಲಿ ಮಾಡುತ್ತೇವೆ ಅಂದರಂತೆ. ಇವರು ಇಬ್ಬರಿಗೂ ಇಲ್ಲ ಅಂದಿದ್ದಾರೆ.

"ಇಷ್ಟು ವರ್ಷ ಕರಡಿ ಚರ್ಮದೊಳಗೆ ಮಕ್ಕಳ ಕೈಲಿ ಒದೆ ತಿಂದಿದೀನಿ. ಯಾರಿಗೂ ನನ್ನ ಮುಖ ಗೊತ್ತಿಲ್ಲ. ಇಲ್ಲಿ ಮುಖ ಇದೆ. ಪೆಟ್ಟು ತಿನ್ನಲ್ಲ ಅಂತ ನಾನು ಹೇಳ್ತಿಲ್ಲ ಮಾಸ್ಟರ್. ಅವಳು ಅಷ್ಟು ಹೊಡೀತಾಳೆ, ನಾನೂ ಒಂದು ಹೊಡೀಬೇಕು. ಒಂದೇ ಒಂದು. ಅವಳನ್ನ ಕೂಡಿಹಾಕಿದ ಕಾವಲುಗಾರ ಅಂದ್ಮೇಲೆ ಅವನಿಗೂ ಕೈ ಇರಲ್ವಾ?"

ಹಳೆಯ ಚಿತ್ರವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆತನಕ ಓಡಿಸಿದೆ. ನಿಜ, ಅವನು ಒಂದು ಸಲವೂ ಕೈ ಎತ್ತುವುದಿಲ್ಲ. ನನಗೆ ಇದು ಯಾವತ್ತೂ ಹೊಳೆದಿರಲಿಲ್ಲ. ಮಾಡಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮಾರ್ಚ್ 24, ಸೋಮವಾರ

ನಿರ್ದೇಶಕನ ಕೋಣೆಯಲ್ಲಿ ಜಗಳ. ಅವನಿಗೂ ಮನಸ್ಸಿದೆ, ಧೈರ್ಯ ಇಲ್ಲ. ಕಾವಲುಗಾರ ಕಪ್ಪು ಹುಡುಗಿಗೆ ಹೊಡೆದರೆ ಹುಡುಗಿಯ ಕಡೆಯವರು ನಮ್ಮನ್ನು ಸುಡುತ್ತಾರೆ, ಹೊಡೆಯದಿದ್ದರೆ ಇವರ ಸಂಘದವರು ಸುಡುತ್ತಾರೆ, ಹಳೆಯ ಚಿತ್ರದ ಭಕ್ತರಂತೂ ಆಗಲೇ ಕಡ್ಡಿ ಗೀರಿಕೊಂಡು ನಿಂತಿದ್ದಾರೆ ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಾದರೆ ಪೆಟ್ಟೆಲ್ಲ ಒಬ್ಬನೇ ತಿನ್ನಲಿ ಅಂತ ಯಾರು ತೀರ್ಮಾನ ಮಾಡಿದ್ದು ಅಂದೆ. ಮೊದಲಿಂದ ಹಾಗೇ ಇದೆ ಅಂದ. ಕುರ್ಚಿ ಎತ್ತಿ ಎಸೆದೆ. ಅವನಿಗಲ್ಲ, ಕಿಟಕಿಗೆ. ಗಾಜಿನ ಚೂರು ಅವನ ಮೇಜಿನ ತುಂಬ ಹರಡಿತು.

ಮಾತು ತಿದ್ದುವ ಹೆಂಗಸು ಮೂಲೆಯಲ್ಲಿ ಕೂತಿದ್ದಳು. ಚೂರು ಆರಿಸುತ್ತ, ನಾನು ಪದ ಮಾತ್ರ ತೆಗೀಬಲ್ಲೆ, ಅಷ್ಟಕ್ಕೇ ನನ್ನನ್ನ ಕರೆಸಿರೋದು ಅಂದಳು. ಪಾಪ ಅನ್ನಿಸಿತು.

ಕೊನೆಗೆ ದಾರಿ ತೆರೆದದ್ದು ನಾಯಕಿ. ತಾನೇ ಬಂದು, "ನನ್ನ ಚರ್ಮ ಹೂವು ಅಂದ್ಕೊಂಡಿದೀರಾ? ನಂಗೂ ಒಂದು ಬೀಳ್ಲಿ" ಅಂದಳು. ಅವಳ ಮುಖಕ್ಕೆ ಪೆಟ್ಟು ಬಿದ್ದರೆ ಕಂಪನಿ ಒಪ್ಪುವುದಿಲ್ಲ, ಅವಳ ಬದಲಿಗೆ ಬೇರೆಯವರನ್ನು ನಿಲ್ಲಿಸಿ ತೆಗೆಯೋಣ, ಇಡುವುದು ಬಿಡುವುದು ಆಮೇಲೆ ನೋಡೋಣ ಎಂದು ನಿರ್ದೇಶಕ ಅಡ್ಡಗೋಡೆ ಮೇಲೆ ದೀಪ ಇಟ್ಟ. ಎತ್ತರಕ್ಕೆ ನಾನೇ ಸರಿಹೋಗುತ್ತೇನೆ.

ಮಾರ್ಚ್ 28, ಶುಕ್ರವಾರ

ಬೊಂಬೆಯನ್ನು ಕಸಕ್ಕೆ ಹಾಕಿಸಿದೆ. ಕರಡಿಯಣ್ಣನೇ ತಾಲೀಮಿಗೆ ಬರುತ್ತಾರೆ. ಬಾಗಿಲಿನ ದೃಶ್ಯ ಮುಗಿಯಿತು. ಹಲಗೆ ಎದೆಗೆ ಅಪ್ಪಳಿಸುತ್ತದೆ, ಬೆರಳು ಸಂದಿಗೆ ಸಿಗುತ್ತದೆ, ಅವರು ಕಿರುಚುತ್ತಾರೆ. ಪ್ರತಿ ಪೆಟ್ಟಿಗೂ ಮುಂಚೆ ಅವರ ಗದ್ದ ತಗ್ಗುತ್ತದೆ, ಆಮೇಲೇ ಬಾಗಿಲು. ಚೀಲದೊಳಗೆ ಗದ್ದ ಕಾಣುವುದಿಲ್ಲ ಎಂದು ಚೀಲಕ್ಕೆ ಕಿಂಡಿ ಮಾಡಿಸಿ ಕೈ ಹೊರಗೆ ಇರಿಸಿದೆ, ಮುಷ್ಟಿ ಬಿಚ್ಚಿದರೆ ಒದೆಯಬಹುದು. ಮೆಟ್ಟಿಲು ಉರುಳುವಾಗ ಮೊಣಕೈ ಸುಲಿದು ಮಾಂಸ ಕಂಡಿತು. ಸೆಟ್ಟಿನಲ್ಲಿ ಈಗ ಯಾರೂ ನಗುವುದಿಲ್ಲ. ನಿರ್ದೇಶಕನಿಗೆ ಅದೇ ಚಿಂತೆ.

ಸ್ಪ್ರಿಂಗು ಮತ್ತೆ ಗಂಟು ತಪ್ಪಿದ. ಕೈ ಎತ್ತಿದೆ. ಅವನು ಗದ್ದ ಎತ್ತಿಕೊಂಡೇ ನಿಂತಿದ್ದ, ನನ್ನನ್ನೇ ನೋಡುತ್ತ. ಕೈ ಯಾಕೋ ಇಳಿಯಿತು. ಹೆಗಲಿನ ಬಾವು ಇನ್ನೂ ಹೋಗಿಲ್ಲ, ಅದಕ್ಕೇ ಇರಬೇಕು. ಗಂಟು ನಾನೇ ಬಿಚ್ಚಿ ನಿಧಾನಕ್ಕೆ ಹಾಕಿ ತೋರಿಸಿದೆ.

ಅಮ್ಮ ಮಾತ್ರೆ ತಾನೇ ತಗೊಂಡಳು. ಒಳ್ಳೆಯದಾಯಿತು, ನನಗೆ ಮೂಗು ಹಿಡಿಯುವ ಶಕ್ತಿ ಇರಲಿಲ್ಲ.

ಏಪ್ರಿಲ್ 2, ಬುಧವಾರ

ಬಾಯಿ ಬಾತಿದೆ. ಮುಂದಿನ ಹಲ್ಲು ಒಂದು ಹೋಯಿತು.

ರಾಜಕುಮಾರಿಯ ಉಡುಪು, ಜಡೆ ಹಾಕಿಕೊಂಡು ನಿಂತೆ. ಈ ವಯಸ್ಸಿಗೆ ಈ ಭಾಗ್ಯ. ಮೆಟ್ಟಿಲ ಕೆಳಗೆ ಚೀಲ ಹರಿದು ಕರಡಿಯಣ್ಣ ಹೊರಗೆ ಬರಬೇಕು, ಬಾಗಿದ ನನ್ನ ಮುಖಕ್ಕೆ ಹಿಂಗೈಯಿಂದ ಹೊಡೆಯಬೇಕು. ಮೊದಲ ಸಲ ಕೈ ಗಾಳಿಯಲ್ಲೇ ನಿಂತಿತು. ಎರಡನೆಯ ಸಲ ನೊಣ ಓಡಿಸಿದ ಹಾಗೆ ಹೊಡೆದರು. ಮೂರನೆಯ ಸಲ ಬಂದು ಕ್ಷಮಿಸಿ ಅಂದರು. ನಾನು ರೇಗಿ, ಇದಕ್ಕಾಗಿ ನಾನು ಕಿಟಕಿ ಒಡೆದದ್ದಾ ಅಂದೆ. ಹೊಡೆದು ಗೊತ್ತಿಲ್ಲ ಮಾಸ್ಟರ್, ತಿಂದು ಮಾತ್ರ ಗೊತ್ತು ಅಂದರು.

"ನನ್ನ ಗದ್ದ ನೋಡಿ" ಅಂದೆ. "ಅದು ತಗ್ಗಿದ ಮೇಲೆ ನಿಮ್ಮದು ತಪ್ಪಲ್ಲ."

ಚಿಕ್ಕಂದಿನಿಂದ ನಾನು ಯಾರ ಮುಂದೆಯೂ ಹೀಗೆ ಮುಖ ಒಡ್ಡಿ ನಿಂತವಳಲ್ಲ. ಅವರ ಕಣ್ಣು ನೋಡಿದೆ. ಅವರು ಕಾದರು, ಎಷ್ಟು ಹೊತ್ತು ಬೇಕಾದರೂ ಕಾಯುವವರಂತೆ. ಗದ್ದ ತಗ್ಗಿಸಿದೆ.

ಗೆಣ್ಣು ನೇರ ಬಾಯಿಗೆ. ತಲೆಯೊಳಗೆ ಬೆಳ್ಳಗಾಯಿತು. ನೆಲಕ್ಕೆ ಬಿದ್ದು ಹಲ್ಲು ಉಗುಳಿದೆ. ಕರಡಿಯಣ್ಣ ತನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಬರೆದಿರದ ಒಂದು ಕೆಲಸ ಮಾಡಿದರು. ಉರುಳಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ ಮೇಜಿನ ಮುಂದೆ ಕೂತರು. ನಮ್ಮಷ್ಟೇ ಎತ್ತರಕ್ಕೆ. ತಟ್ಟೆ ಎಳೆದುಕೊಂಡು ಅರ್ಧಕ್ಕೆ ನಿಂತ ಊಟ ತಿನ್ನತೊಡಗಿದರು. ನಿರ್ದೇಶಕ ಕಟ್ ಅನ್ನಲಿಲ್ಲ. ತುಂಬಾ ಹೊತ್ತು ಅನ್ನಲಿಲ್ಲ.

ಮನೆಗೆ ಬಂದಾಗ ಅಮ್ಮ ನನ್ನ ಬಾಯಿ ನೋಡಿದಳು. ಗೋಡೆ ಹಿಡಿದುಕೊಂಡು ಹೋಗಿ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ತಂದಳು. ಬಾತ ಜಾಗಕ್ಕೆ ಹೇಗೆ ಒತ್ತಬೇಕೆಂದು ಅವಳಿಗೆ ಬಹಳ ಚೆನ್ನಾಗಿ ಗೊತ್ತು.

ಏಪ್ರಿಲ್ 5, ಶನಿವಾರ

ಕರಡಿಯಣ್ಣನ ಫೋನು. ಮೇಲಿನವರು ಆ ಪೆಟ್ಟನ್ನು ತೆಗೆಸಿದರಂತೆ. ಅವರು ಕೂತು ಊಟ ಮಾಡುವುದನ್ನು ಮಾತ್ರ ಇಟ್ಟಿದ್ದಾರೆ, ಅಲ್ಲಿ ಯಾರಿಗೂ ಏನೂ ತಕರಾರಿಲ್ಲವಂತೆ. ನಾನು ಬೈಯಲು ಬಾಯಿ ತೆರೆದೆ, ನೋವಾಯಿತು. ತೆಗೀಲಿ ಬಿಡಿ ಮಾಸ್ಟರ್, ನಿಮ್ಮ ಹಲ್ಲು ವಾಪಸ್ ಅಂಟಿಸೋಕೆ ಅವರ ಕೈಲಾಗುತ್ತಾ ಅಂದರು. ಇಬ್ಬರೂ ನಕ್ಕೆವು, ನಾನು ಒಂದು ಕಡೆಯ ಬಾಯಿಂದ.

ಆದರೂ ನನ್ನ ಸಿಟ್ಟು ಆರಲಿಲ್ಲ. ಹಳೆಯ ಚಿತ್ರದಲ್ಲಿ ಅಂಥದ್ದೇನಿದೆ, ಮುಟ್ಟಬಾರದಂಥದ್ದು, ಎಂದು ಟಿವಿಯಲ್ಲಿ ಹಾಕಿದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ಅಡುಗೆಮನೆ ಕಾಳಗ ಶುರುವಾದದ್ದೇ ನನ್ನ ಕೈಯಿಂದ ರಿಮೋಟ್ ತಗೊಂಡು ಸದ್ದು ಪೂರ್ತಿ ನಿಲ್ಲಿಸಿದಳು. ಡಣ್ ಇಲ್ಲ, ಸೀಟಿ ಇಲ್ಲ, ವಾದ್ಯ ಇಲ್ಲ. ಒಬ್ಬನನ್ನು ಹೊಡೆಯುತ್ತಿದ್ದರು, ಅವನು ಎದ್ದೇಳುತ್ತಿದ್ದ.

ಸದ್ದಿಲ್ಲದೆ ಇದರಲ್ಲಿ ನಗೋಕೆ ಏನೂ ಇಲ್ವಲ್ಲಮ್ಮ, ಆಗ ನಾವಿಬ್ಬರೂ ಎಷ್ಟು ನಗ್ತಿದ್ವಿ ಅಂದೆ.

"ನೀನು ನಗ್ತಿದ್ದೆ" ಅಂದಳು ಅಮ್ಮ. "ನಾನು ಪಕ್ಕದಲ್ಲಿ ಕೂತಿರ್ತಿದ್ದೆ."

ಚಿತ್ರ ಓಡುತ್ತಲೇ ಇತ್ತು. ಕಾವಲುಗಾರ ಮೆಟ್ಟಿಲು ಉರುಳಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು.

"ಒಂದ್ಸಲಾನೂ ಗದ್ದ ತಗ್ಗಿಸಿರ್ಲಿಲ್ಲ ಕಣೇ ನಾನು. ಒಂದ್ಸಲಾನೂ."

ಟಿವಿ ಆರಿಸಿದೆ. ಮಾತ್ರೆಯ ಹೊತ್ತಾಗಿತ್ತು. ಮಾತ್ರೆ, ನೀರು ತಂದು ಅವಳ ಮುಂದೆ ನಿಂತೆ. ಅಮ್ಮ ಗದ್ದ ಎತ್ತಿಕೊಂಡು ಕೂತೇ ಇದ್ದಳು, ನಾನು ಮೂಗಿಗೆ ಕೈ ಹಾಕದೆ ಲೋಟ ಹಿಡಿದು ಕಾದೆ. ಇವತ್ತು ಮಾತ್ರೆ ಬಹಳ ತಡವಾಯಿತು.